ಹಡಿಯೋರ ಕೈ

ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲ. ಬ್ಯಾಡಗಿಯ ನಮ್ಮ ಓಣಿಯ ಸೂಲಗಿತ್ತಿ ಮೆಣಸಿನಕಾಯಿ ಮುಟ್ಟುತ್ತಲೇ ಇರಲಿಲ್ಲ. ಯಾಕೆಂದು ಕೇಳಿದರೆ ಎರಡೂ ಅಂಗೈ ಚಾಚಿ, “ಈ ಕೈ ನಂದಲ್ರಿ, ಹಡಿಯೋರದು,” ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ನೋಡಿದರೆ, ನಮ್ಮದೇ ಅಂಗಡಿಯ ಅಂಗಳದಲ್ಲಿ ಕೂಲಿ ಹೆಂಗಸರ ನಡುವೆ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಾಳೆ! ಮನೆಯಲ್ಲಿ ಹೆಂಡತಿಗೆ ದಿನ ತುಂಬಿತ್ತು.

“ಯವ್ವಾ, ನಮ್ಮಾಕಿಗೆ ಇವತ್ತ ಬ್ಯಾನಿ ಬಂದ್ರ ಈ ಖಾರದ ಕೈಲೆ ಹೆಂಗ ಮುಟ್ಟತಿ?”

“ನಿಮ್ಮ ಕೂಲಿ ಹುಡುಗಿ ನಿನ್ನೆ ಹಡದಾಳ್ರಿ. ಆಕಿ ಬರದಿದ್ರ ಜಾಗಾ ಬ್ಯಾರೇದಾಕಿಗೆ ಕೊಡ್ತಾರಂತ. ಅದಕ್ಕ ನಾ ಕುಂತೇನಿ.”

“ಹಂಗಂತ ಯಾರಂದ್ರು?”

“ನೀವ.”

ಅಂದಿದ್ದೆನೇ? ಇವತ್ತಿಗೂ ನೆನಪಾಗುತ್ತಿಲ್ಲ. ಅವಳು ಕೆಂಪೇರಿದ ಬೆರಳುಗಳಿಂದ ಇನ್ನೊಂದು ಕಾಯಿಯ ತೊಟ್ಟು ಮುರಿದಳು.