ಬಾವನ ಲೇಖನ ನನ್ನ ಕೈಗೆ ಬಂದಾಗ

ಸೇಡು ತೀರಿಸಿಕೊಳ್ಳಲು ನನಗೆ ಸಿಕ್ಕ ಜಾಗ ಯಾವುದೆಂದು ಹೇಳಿದರೆ ಜನ ನಗುತ್ತಾರೆ. ಹೊಲದ ಬದುವಲ್ಲ, ಕೋರ್ಟಲ್ಲ, ಮದುವೆ ಚಪ್ಪರವೂ ಅಲ್ಲ. ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಬರೆಯಬಹುದಾದ ಒಂದು ವಿಶ್ವಕೋಶ, ಅದರಲ್ಲಿ ಕಂಪ್ಯೂಟರ್ ಆಟವೊಂದರ ಬಗ್ಗೆ ಒಂದು ಲೇಖನ, ಆ ಲೇಖನದ ಬೆನ್ನಿಗೆ ಅಂಟಿಕೊಂಡ ಚರ್ಚೆಯ ಪುಟ. ನಗುವವರು ನಗಲಿ. ನನ್ನ ಮಾನ ಹೋದದ್ದು ಅಂಥದೇ ಒಂದು ಪುಟದಲ್ಲಿ. ಅದನ್ನು ವಸೂಲು ಮಾಡಬೇಕಾದದ್ದೂ ಅಲ್ಲೇ ಎಂದು ತೀರ್ಮಾನಿಸಿದ್ದೆ.

ಮಾನ ಕಳೆದವನು ನನ್ನ ಬಾವ, ಅಂದರೆ ನಮ್ಮಪ್ಪನ ಅಕ್ಕನ ಮಗ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ನೆಟ್ ಸೆಂಟರ್ ಇತ್ತು. ನಾನು ಹಿಂದೂಪುರದಲ್ಲಿ, ಹುಣಸೆ ಮಂಡಿಗಳ ಹಿಂದಿನ ರಸ್ತೆಯ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ನಮ್ಮ ಕಡೆ ಮಾವನ ಮಗಳನ್ನು ಗೇಲಿ ಮಾಡುವ ಹಕ್ಕು ಬಾವನಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಅವನು ಏನಂದರೂ ಅವಳು ನಗಬೇಕು. ಮುಖ ಗಂಟು ಹಾಕಿಕೊಂಡರೆ ತಪ್ಪು ಅವಳದೇ. "ಏಂ ಮರದಲಾ", ಅಂದರೆ ಏನೇ ಮಾವನ ಮಗಳೇ, ಎಂದು ಅವನು ಬಾಗಿಲಲ್ಲೇ ತೆಲುಗಿನಲ್ಲಿ ಶುರು ಮಾಡಿದರೆ ಸಾಕು, ಮನೆಯ ಹೆಂಗಸರೆಲ್ಲ ನಗುವುದಕ್ಕೆ ಸಿದ್ಧರಾಗಿ ಕೂರುತ್ತಿದ್ದರು. ಬಾವಂದಿರೆಲ್ಲ ಹಾಗೆಯೇ ಅನ್ನಿ. ಆದರೆ ಇವನ ನಾಲಿಗೆ ಸ್ವಲ್ಪ ಹೆಚ್ಚೇ ಚೂಪು, ನನ್ನ ಕೋಪವೋ ಯಾವಾಗಲೂ ಮೂಗಿನ ತುದಿಯಲ್ಲೇ.

ಆಟದ ಸಿಡಿ ಕೊಟ್ಟವನೂ ಅವನೇ. "ಇದ್ರಾಗೆ ಗುಂಡು ಹೊಡೆಯೋದು, ಕಾರು ಓಡ್ಸೋದು ಏನೂ ಇಲ್ಲ ಕಣಮ್ಮ. ಬರೀ ಹುಡುಕ್ಬೇಕು, ಯೋಚ್ನೆ ಮಾಡ್ಬೇಕು. ನಿನ್ನಂಥೋಳಿಗೇ ಸರಿ" ಎಂದಿದ್ದ. ಇಂಥವಕ್ಕೆ ಸಾಹಸದ ಆಟಗಳು ಎಂದು ಹೆಸರು. ಅಕ್ಕನನ್ನು ಹುಡುಕಿಕೊಂಡು ಬಂದ ಹುಡುಗಿಯೊಬ್ಬಳು ಜನ ಬಿಟ್ಟುಹೋದ ಒಂದು ಊರಿನಲ್ಲಿ ತಿರುಗುತ್ತಾಳೆ. ಬೀಗ, ಕೀಲಿ, ಕೆಟ್ಟ ಗಡಿಯಾರ, ಗೋಡೆಯ ಮೇಲಿನ ಗುರುತು, ಇವನ್ನೆಲ್ಲ ಒಂದಕ್ಕೊಂದು ಜೋಡಿಸುತ್ತ ನಾವು ಅವಳನ್ನು ಮುಂದಕ್ಕೆ ನಡೆಸಬೇಕು. ಆಷಾಢದಲ್ಲಿ ಲಗ್ನಗಳಿಲ್ಲದೆ ಅಂಗಡಿ ಖಾಲಿ ಹೊಡೆಯುತ್ತಿದ್ದಾಗ ಕೂತು ಆಡಿದೆ. ಆ ಹುಡುಗಿ ಒಂದು ಮಾತೂ ಆಡುತ್ತಿರಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಪರದೆಯ ಕೆಳಗೆ ಅಕ್ಷರ ಬರುತ್ತಿತ್ತು, ದನಿ ಮಾತ್ರ ಇಲ್ಲ. ಗಾಳಿಯ ಸದ್ದು, ಹೆಜ್ಜೆಯ ಸದ್ದು ಅಷ್ಟೆ. ನನಗೆ ಅದು ಬಹಳ ಹಿಡಿಸಿತು. ಅಕ್ಕನೇ ಇಲ್ಲದ ಊರಿನಲ್ಲಿ ಅವಳು ಇನ್ನು ಯಾರ ಹತ್ತಿರ ಮಾತಾಡಬೇಕು ಅನ್ನಿಸಿ ಕಣ್ಣು ತುಂಬಿಬಂದಿತ್ತು.

ವಿಶ್ವಕೋಶದ ಬಗ್ಗೆ ನನಗೆ ಮೊದಲು ಹೇಳಿದವನು ಕೂಡ ಬಾವನೇ. ಆ ಆಟದ ಬಗ್ಗೆ ಅಲ್ಲಿ ಎರಡು ಸಾಲು ಮಾತ್ರ ಇತ್ತು. ಮನೆಮಾತು ಕನ್ನಡ, ಓದಿದ್ದು ತೆಲುಗು ಮೀಡಿಯಂ, ಆದರೂ ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಉದ್ದದ ಲೇಖನ ಬರೆದೆ. ಕಥೆ ಏನು, ಆಡುವ ಬಗೆ ಏನು, ಒಗಟುಗಳು ಎಂಥವು ಎಂದೆಲ್ಲ ಬರೆದು, ಮೌನದ ಬಗ್ಗೆಯೇ ಬೇರೆ ಒಂದು ಭಾಗ ಮಾಡಿದೆ. ನಾಯಕಿಗೆ ದನಿ ಕೊಡದಿರುವುದೇ ಈ ಆಟದ ದೊಡ್ಡತನ ಎಂದು ಬರೆದಿದ್ದೆ. ಅಲ್ಲಿ ಲೇಖನಗಳನ್ನು ಪರೀಕ್ಷೆಗೆ ಒಡ್ಡುವ ಪದ್ಧತಿ ಇದೆ. ಲೇಖನದಲ್ಲಿ ಕೈಯಾಡಿಸದ ಬೇರೊಬ್ಬ ಸದಸ್ಯ ಅದನ್ನು ಓದಿ, ಬರವಣಿಗೆ ಸರಿ ಇದೆಯೇ, ಪ್ರತಿ ಸಂಗತಿಗೂ ಆಧಾರ ಇದೆಯೇ, ಮುಖ್ಯವಾದದ್ದು ಏನಾದರೂ ಬಿಟ್ಟುಹೋಗಿದೆಯೇ, ಒಂದು ಕಡೆಗೆ ವಾಲಿದೆಯೇ ಎಂದು ತೂಗಿ ನೋಡಿ, ತೇರ್ಗಡೆಯಾದರೆ "ಒಳ್ಳೆಯ ಲೇಖನ" ಎಂಬ ದರ್ಜೆ ಕೊಡುತ್ತಾನೆ. ಪುಟದ ಮೂಲೆಯಲ್ಲಿ ಒಂದು ಸಣ್ಣ ಗುರುತು ಬರುತ್ತದೆ. ಆ ಗುರುತು ನನಗೆ ಬೇಕಿತ್ತು. ನಾನೊಬ್ಬಳು ಒಂದು ವಿಷಯವನ್ನು ಸರಿಯಾಗಿ ತಿಳಿದವಳು ಎಂದು ಯಾರಾದರೂ ಎಲ್ಲರ ಎದುರು ಹೇಳಬೇಕಿತ್ತು.

ಪರೀಕ್ಷೆಗೆ ತೆಗೆದುಕೊಂಡವನು ಬಾವ. ಇನ್ನೊಬ್ಬರ ಲೇಖನಗಳನ್ನು ತೂಗುವುದರಲ್ಲಿ ಅಲ್ಲಿ ಅವನು ಆಗಲೇ ಹೆಸರು ಮಾಡಿದ್ದ. ಮನೆಯವನು, ಬಿಡು, ಎಂದು ನಾನು ನಿಶ್ಚಿಂತೆಯಿಂದಿದ್ದೆ. ಅವನು ಬರೆದದ್ದು ಇಷ್ಟು: ಈ ಆಟದಲ್ಲಿ ಎಲ್ಲ ಪಾತ್ರಗಳೂ ಮಾತಾಡುತ್ತವೆ, ಬರೆದವರು ಆಟ ಆಡಿದ್ದಾರೆಯೇ ಎಂಬುದೇ ಅನುಮಾನ, ಅನುತ್ತೀರ್ಣ. ದೇಶವಿದೇಶದ ಸದಸ್ಯರು ಕೆಳಗೆ ನಗುವ ಮುಖಗಳನ್ನು ಅಂಟಿಸಿಹೋದರು.

ಕೆಲವು ದಿನಗಳಿಗೆ ಅವನ ಮಗುವಿನ ನಾಮಕರಣ. ಕಲ್ಯಾಣದುರ್ಗಕ್ಕೆ ಹೋದೆವು. ಊಟ ಮುಗಿದು ನೆಂಟರೆಲ್ಲ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಅವನು ನೆಟ್ ಸೆಂಟರಿನಿಂದ ಒಂದು ಕಂಪ್ಯೂಟರನ್ನೇ ತಂದು ನಡುಮನೆಯಲ್ಲಿಟ್ಟ. ಆಟ ಹಾಕಿದ. ನನ್ನ ಮೂಕ ಹುಡುಗಿ ಗಟ್ಟಿಯಾಗಿ ಬಾಯಿಬಿಟ್ಟು ಇಂಗ್ಲಿಷಿನಲ್ಲಿ ಅಕ್ಕನನ್ನು ಕೂಗಿದಳು.

"ಕೇಳುಸ್ತೇನಮ್ಮ? ಮಾತಾಡ್ತಾವ್ಳೆ. ಇವ್ಳನ್ನ ಮೂಗಿ ಅಂತ ಪ್ರಪಂಚಕ್ಕೆಲ್ಲ ಸಾರ್ಬುಟ್ಟವ್ಳೆ ನಮ್ ಮರದಲು!"

ಮನೆಯೆಲ್ಲ ನಕ್ಕಿತು. "ನೀನ್ ಕೊಟ್ಟ ಸಿಡೀಲಿ ಮಾತಿರ್ಲಿಲ್ಲ ಬಾವ" ಎಂದೆ.

"ಎಲ್ಲಿಂದ ಬಂದಾತು? ಎಲ್ಡು ಸಿಡಿ ಆಟಾನ ಒಂದ್ರಾಗೆ ತುರುಕ್ಬೇಕಲ್ಲ. ಮಾತೆಲ್ಲ ಕಿತ್ತಾಕ್ಬುಟ್ಟು ಕಾಪಿ ಹೊಡ್ದಿದ್ದೆ. ಎಲ್ರಿಗೂ ಅಂಗೇ ಕೊಡೋದು."

ಅಂದರೆ ತಪ್ಪು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಅನುಮಾನದ ಮಾತು ಬರೆದಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು. ಅಮ್ಮ ಮೊಣಕೈಯಿಂದ ತಿವಿದು, "ಬಾವ ತಮಾಸೆ ಮಾಡಿದ್ರೆ ಮುಸುಡಿ ಊದಿಸ್ಕೊಂತಾರೇನೆ? ನಗು" ಎಂದಳು. ನಕ್ಕೆ. ಆ ನಗುವನ್ನು ಅವನಿಗೆ ಬಡ್ಡಿ ಸಮೇತ ತೀರಿಸುತ್ತೇನೆ ಎಂದು ಬಸ್ಸಿನಲ್ಲಿ ಪೆನುಕೊಂಡ ದಾಟುವವರೆಗೂ ಹಲ್ಲು ಕಡಿಯುತ್ತ ಕೂತಿದ್ದೆ.

ಹಳೆಯ ಹೆಸರು ಬಿಟ್ಟು ವಿಶ್ವಕೋಶದಲ್ಲಿ ಹೊಸ ಹೆಸರಿನಿಂದ ಸೇರಿದೆ. ಅದು ನಾನೇ ಎಂದು ಯಾರಿಗೂ ಹೇಳಲಿಲ್ಲ. ಅಲ್ಲಿ ಬಾವನೂ ಇಲ್ಲ, ಮಾವನ ಮಗಳೂ ಇಲ್ಲ, ನಿಯಮ ಮಾತ್ರ. ನಿಯಮಗಳನ್ನು ಅರೆದು ಕುಡಿದೆ. ಬೇರೆಯವರ ಲೇಖನಗಳನ್ನು ಪರೀಕ್ಷಿಸಲು ಕಲಿತೆ. "ವಿಮರ್ಶಕರು ಮೆಚ್ಚಿದರು" ಎಂದಿದ್ದರೆ ಯಾವ ವಿಮರ್ಶಕರು ಎಂದು ಕೇಳುವುದು, ಕೊಟ್ಟ ಕೊಂಡಿಯನ್ನು ಒತ್ತಿ ಅಲ್ಲಿ ನಿಜವಾಗಿಯೂ ಆ ಮಾತಿದೆಯೇ ಎಂದು ನೋಡುವುದು, ಕಥೆಯೇ ಲೇಖನವನ್ನು ನುಂಗಿ ಹಾಕಿದ್ದರೆ ಕತ್ತರಿಸಿ ಎನ್ನುವುದು. ನನಗೆ ಒಳ್ಳೆಯ ಹೆಸರು ಬಂತು. ಆದರೆ ನಾನು ಕಾಯುತ್ತಿದ್ದದ್ದು ಒಂದೇ ಬೇಟೆಗೆ.

ಕೆಲವು ವರ್ಷಗಳ ಮೇಲೆ ಅದು ಬಂತು. ಅದೇ ಆಟದ ಎರಡನೆಯ ಭಾಗದ ಬಗ್ಗೆ ಬಾವ ಲೇಖನ ಬರೆದು ಪರೀಕ್ಷೆಗೆ ಇಟ್ಟಿದ್ದ. ಸ್ವಂತ ಲೇಖನಕ್ಕೆ ದರ್ಜೆ ಕೇಳುತ್ತಿದ್ದದ್ದು ಅದೇ ಮೊದಲು. ಬೇರೆ ಯಾರೂ ಕೈಹಾಕುವ ಮೊದಲೇ ನಾನು ನನ್ನ ಹೊಸ ಹೆಸರು ಬರೆದು ತೆಗೆದುಕೊಂಡೆ.

ಓದತೊಡಗಿದೆ. ಹೊಟ್ಟೆ ಉರಿಯುವಷ್ಟು ಚೆನ್ನಾಗಿತ್ತು. ವಾಕ್ಯಗಳು ಚೊಕ್ಕ, ಕೊಂಡಿಗಳೆಲ್ಲ ಸರಿ, ವಿಮರ್ಶೆಗಳನ್ನು ಹೊಗಳಿಕೆ ತೆಗಳಿಕೆ ಎರಡೂ ಬರುವಂತೆ ಜೋಡಿಸಿದ್ದ. ಒಂದೊಂದೇ ಸಾಲನ್ನು ಅಕ್ಕಿ ಆರಿಸಿದ ಹಾಗೆ ಆರಿಸಿದರೂ ಕಲ್ಲು ಸಿಗಲೊಲ್ಲದು. ಆಡುವ ಬಗೆಯ ಭಾಗಕ್ಕೆ ಬಂದಾಗ ಮಾತ್ರ ನನಗೆ ಏನೋ ವಾಸನೆ ಬಡಿಯಿತು. ಹುಡುಗಿ ಇದನ್ನು ತೆಗೆದುಕೊಳ್ಳುತ್ತಾಳೆ, ಅಲ್ಲಿಗೆ ಹೋಗುತ್ತಾಳೆ, ಅದನ್ನು ತೆರೆಯುತ್ತಾಳೆ. ಒಂದು ಕಡೆಯೂ ಎಡವುವುದಿಲ್ಲ. ಆ ಆಟವನ್ನು ನಾನು ಪೂರ್ತಿ ಆಡಿದ್ದೆ, ಈ ಸಲ ಬೆಂಗಳೂರಿನಿಂದ ತರಿಸಿಕೊಂಡ ಅಸಲು ಸಿಡಿಯಲ್ಲಿ. ಅಂಥ ಆಟ ಆಡಿದವರಿಗೆ ನೆನಪಿರುವುದು ತಪ್ಪು ಹೆಜ್ಜೆಗಳೇ. ಸಿಕ್ಕಿಹಾಕಿಕೊಂಡದ್ದು, ಸುಮ್ಮನೆ ಸುತ್ತಿದ್ದು, ಎಲ್ಲ ವಸ್ತುಗಳನ್ನೂ ಎಲ್ಲ ಬಾಗಿಲುಗಳ ಮೇಲೂ ಉಜ್ಜಿ ನೋಡಿದ್ದು. ಆಟದ ದಾರಿ ತೋರಿಸುವ ಬರಹಗಳು ನೆಟ್ಟಿನಲ್ಲಿ ಸಿಗುತ್ತವೆ. ಅವುಗಳಲ್ಲಿ ಮಾತ್ರ ಸರಿ ಹೆಜ್ಜೆಗಳಷ್ಟೇ ಇರುತ್ತವೆ. ಬಾವ ಆಟ ಆಡಿರಲಿಲ್ಲ. ದಾರಿ ಓದಿ ಲೇಖನ ಬರೆದಿದ್ದ.

ನಾನು ಪುಟದಲ್ಲಿ ಬಹಳ ಮರ್ಯಾದೆಯಿಂದ ಬರೆದೆ. ಲೇಖನ ಚೆನ್ನಾಗಿದೆ, ಒಂದೇ ಕೊರತೆ. ಆಟಗಾರ ತಪ್ಪು ಮಾಡಿದರೆ ಏನಾಗುತ್ತದೆ ಎಂಬುದು ಎಲ್ಲೂ ಇಲ್ಲ. ಸಾಹಸದ ಆಟದ ಲೇಖನಕ್ಕೆ ಇದು ಮುಖ್ಯ. ಉದಾಹರಣೆಗೆ, ಸರಿಯಾದ ವಸ್ತುವಿಲ್ಲದೆ ಅಂಬಿಗನ ದೋಣಿ ಹತ್ತಿದರೆ ಏನು? ಒಂದು ವಾರದೊಳಗೆ ಸೇರಿಸಿ.

ಆ ವಾರದಲ್ಲೇ ಬಾವ ಅಂಗಡಿಯ ಬಾಗಿಲಿಗೆ ಬಂದ. ನಮ್ಮತ್ತೆಗೆ, ಅಂದರೆ ಅವನಮ್ಮನಿಗೆ, ವರ್ಷದ ಹುಣಸೆಹಣ್ಣು ಹಿಂದೂಪುರದ ಮಂಡಿಯಿಂದಲೇ ಆಗಬೇಕು. ಆ ನೆಪವಿತ್ತು. ಈ ಸಲ "ಏಂ ಮರದಲಾ" ಇಲ್ಲ. ಸ್ಟೂಲಿನ ಮೇಲೆ ಕೂತು, ಚೀಲವನ್ನು ಕಾಲಿನಿಂದ ಅತ್ತ ತಳ್ಳಿ, ಇತ್ತ ಎಳೆದು ಕೊನೆಗೆ ಬಾಯಿಬಿಟ್ಟ.

"ಆ ಆಟದ್ದು ಎಲ್ಡನೇ ಭಾಗ ಆಡಿದ್ಯೇನಮ್ಮ?"

"ಆಡಿವ್ನಿ."

"ದೋಣಿ ತಾವ ತಪ್ಪಾದ್ರೆ ಏನಾಯ್ತದೆ? ಯಾವನೋ ಒಬ್ಬ ಪ್ರಾಣ ತಿಂತಾವ್ನೆ. ಬಲೇ ಗಟ್ಟಿ ಆಸಾಮಿ. ನಂಗೆ ಕೂತ್ಕೊಂಡು ಆಡೋಕೆ ಟೈಮೆಲ್ಲೈತೆ?"

ಪ್ರಾಣ ತಿನ್ನುವವಳು ಎದುರಿಗೇ ಕೂತು ಲಗ್ನಪತ್ರಿಕೆಗೆ ಅಂಚು ಕೂರಿಸುತ್ತಿದ್ದಳು. ನಿಜವಾಗಿ ಆಟದಲ್ಲಿ ಏನೂ ಆಗುವುದಿಲ್ಲ. ಅಂಬಿಗ ತಲೆ ಅಲ್ಲಾಡಿಸಿ ದೋಣಿಯನ್ನು ತಿರುಗಿಸಿ ಅವಳನ್ನು ದಡಕ್ಕೆ ಬಿಡುತ್ತಾನೆ. ಮತ್ತೆ ಪ್ರಯತ್ನಿಸಬಹುದು. ಆ ಆಟದಲ್ಲಿ ಯಾರೂ ಸಾಯುವುದೇ ಇಲ್ಲ.

"ದೋಣಿ ಮುಳುಗೋಯ್ತದೆ ಬಾವ" ಎಂದೆ. "ಹುಡುಗಿ ಸತ್ತೋಯ್ತಾಳೆ. ಆಟ ಮೊದ್ಲಿಂದ ಆಡ್ಬೇಕು."

"ದಿಟವಾ?"

"ನಾನ್ಯಾಕೆ ಸುಳ್ಳು ಹೇಳ್ಲಿ?"

ಅವನ ಮುಖ ಅರಳಿತು. "ನೀನಿದ್ದಿದ್ದಕ್ಕೆ ಬಚಾವಾದೆ ಕಣಮ್ಮ. ಬತ್ತೀನಿ" ಎಂದು ಚೀಲ ಹೊತ್ತು ಹೋದ. ನಾನು ಒಂದು ಲೋಟ ನೀರು ಕೂಡ ಕೊಡಲಿಲ್ಲ. ಅವನು ಬೀದಿ ತಿರುಗಿದ ಮೇಲೆ ಒಬ್ಬಳೇ ನಕ್ಕೆ. ನಾಮಕರಣದ ದಿನ ಹಲ್ಲು ಕಿರಿದಿದ್ದಕ್ಕೆ ಇದು ಅಸಲು ನಗು.

ಮಾರನೆಯ ದಿನವೇ ದೋಣಿ ಮುಳುಗುವ ಸಾಲು ಲೇಖನದಲ್ಲಿ ಸೇರಿತ್ತು. ನಾನು ಚರ್ಚೆಯ ಪುಟದಲ್ಲಿ ಕೇಳಿದೆ: ಇದನ್ನು ತಾವೇ ಆಡಿ ನೋಡಿದಿರಾ? ಹೌದು ಎನ್ನುತ್ತಾನೆ, ಸುಳ್ಳುಗಾರ ಎಂದು ಎಲ್ಲರ ಎದುರು ತೋರಿಸಿ ಕೆಡವುತ್ತೇನೆ ಎಂದು ಎಣಿಸಿದ್ದೆ. ಅವನ ಉತ್ತರ ಸಂಜೆಗೆ ಬಂತು.

ಇಲ್ಲ ಎಂದು ಬರೆದಿದ್ದ. "ನಾನು ಆಡಿಲ್ಲ. ಹಿಂದೂಪುರದಲ್ಲಿರುವ ನನ್ನ ಮಾವನ ಮಗಳು ಪೂರ್ತಿ ಆಡಿದ್ದಾಳೆ, ಅವಳನ್ನು ಕೇಳಿ ಬರೆದೆ. ಇಂಥ ಆಟಗಳ ಬಗ್ಗೆ ಅವಳಷ್ಟು ತಿಳಿದವರನ್ನು ನಾನು ಕಂಡಿಲ್ಲ. ಇದರ ಮೊದಲ ಭಾಗದ ಬಗ್ಗೆ ಅವಳು ಬರೆದ ಲೇಖನವನ್ನು ನಾನೇ ಅನುತ್ತೀರ್ಣ ಮಾಡಿದ್ದೆ. ಆ ತಪ್ಪು ಅವಳದಲ್ಲ, ನಾನು ಕೊಟ್ಟ ಪ್ರತಿಯದು. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ."

ಅದನ್ನು ಎಷ್ಟು ಸಲ ಓದಿದೆನೋ. ನನಗೆ ಬೇಕಿದ್ದ ಮಾತು ಅದೇ. ಬೇಕಿದ್ದ ಜಾಗದಲ್ಲೇ, ಎಲ್ಲರಿಗೂ ಕಾಣುವಂತೆ. ಸಂತೋಷ ಆಗಬೇಕಿತ್ತು. ಆದದ್ದು ಸಿಟ್ಟು, ಮೊದಲಿಗಿಂತ ಹೆಚ್ಚಿನ ಸಿಟ್ಟು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಇವತ್ತೇ, ನಾನು ಕತ್ತಿ ಎತ್ತಿದಾಗಲೇ, ಒಳ್ಳೆಯವನಾಗಬೇಕಿತ್ತೇ? ಬಿಟ್ಟುಬಿಡಬಹುದಿತ್ತು. ಆ ಸಾಲನ್ನು ನಾನೇ ತಿದ್ದಿ ತೇರ್ಗಡೆ ಮಾಡಿದ್ದರೆ ಕೇಳುವವರಿರಲಿಲ್ಲ. ನಾನು ಬಿಡಲಿಲ್ಲ.

ಬರೆದೆ: ದೋಣಿ ಮುಳುಗುವುದಿಲ್ಲ, ಆಟದಲ್ಲಿ ಯಾರೂ ಸಾಯುವುದಿಲ್ಲ, ನಿಮ್ಮ ಸಂಬಂಧಿಕರಿಗೆ ಈ ಆಟ ತಿಳಿದಿಲ್ಲ, ಅವರ ಮಾತನ್ನು ಆಧಾರವಾಗಿ ತೆಗೆದುಕೊಳ್ಳಲಾಗದು.

ಬೇರೆ ಇಬ್ಬರು ಸದಸ್ಯರು ತಾವೂ ಆಡಿದ್ದೇವೆ, ಪರೀಕ್ಷಕರು ಹೇಳಿದ್ದೇ ಸರಿ ಎಂದು ಸೇರಿಸಿದರು. ಅವರ ಕೆಳಗೆ ಬಾವ ಇನ್ನೊಂದು ಸಾಲು ಬರೆದ. "ದಯವಿಟ್ಟು ಇನ್ನೊಮ್ಮೆ ಆಡಿ ನೋಡಿ. ಅವಳು ತಪ್ಪು ಹೇಳುವವಳಲ್ಲ."

ನಾನು ಅನುತ್ತೀರ್ಣ ಎಂದು ಒತ್ತಿದೆ. ಆ ಪುಟ ಇವತ್ತಿಗೂ ಹಾಗೆಯೇ ಇದೆ, ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ ನನ್ನನ್ನು ನಂಬಿದವನು ಬಾವ ಒಬ್ಬನೇ. ನಂಬಬೇಡಿ ಎಂದು ಸಹಿ ಹಾಕಿದವಳು ನಾನು.