ರಸ್ತೆ ಕಡೆ ರೂಮಿನ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಕಿವಿಗಳು ದೊಡ್ಡವು. ಒಂದು ಕಾಲದಲ್ಲಿ ಭಾರದ ಓಲೆಗಳನ್ನು ಹೊತ್ತು ಹಾಲೆಗಳು ಜೋತುಬಿದ್ದಿದ್ದವು. ಓಲೆ ತೆಗೆದ ಮೇಲೆ ತೂತು ಮುಚ್ಚದಿರಲೆಂದು ಎರಡಕ್ಕೂ ಒಂದೊಂದು ಬೇವಿನ ಕಡ್ಡಿ ಸಿಗಿಸಿಕೊಂಡಿದ್ದಳು. ಯಾರಾದರೂ ಸ್ವಾರಸ್ಯದ ಮಾತಾಡಿದರೆ ಆ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸುವಳು, ಹಳೆಯ ರೇಡಿಯೋದಲ್ಲಿ ಸ್ಟೇಷನ್ ಹುಡುಕುವವರ ಹಾಗೆ.

ದಿಬ್ಬೂರಹಳ್ಳಿಯಲ್ಲಿ ಆಕೆ ರೇಷ್ಮೆ ಹುಳು ಸಾಕುತ್ತಿದ್ದಳು. ನಾಲ್ಕನೇ ಜ್ವರ ಎದ್ದ, ಎಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳುಗಳು ಸೊಪ್ಪು ಮೇಯುವಾಗ ಹೆಂಚಿನ ಮೇಲೆ ತುಂತುರು ಬಿದ್ದಂತೆ ಸದ್ದಾಗುತ್ತದೆ. ದೊಡ್ಡಮ್ಮ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಲೇ, "ಮೂಲೆ ತಟ್ಟೇಲಿ ಸೊಪ್ಪು ಮುಗೀತು ಕಣೋ, ಹೋಗಿ ಹಾಕಪ್ಪ" ಅನ್ನುವಳು. ಹೋಗಿ ನೋಡಿದರೆ ಮುಗಿದೇ ಇರುತ್ತಿತ್ತು. ಹೈಸ್ಕೂಲಿನ ವರ್ಷಗಳನ್ನು ಆ ಮನೆಯಲ್ಲಿ ಉಂಡು ಕಳೆದವನು ನಾನು. ಆ ಕಿವಿಗಳ ಸಾಮರ್ಥ್ಯ ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಮೊದಲೇ ದಾಖಲು ಮಾಡಿಬಿಡುತ್ತೇನೆ; ಆಮೇಲೆ "ನನಗೆ ತಿಳಿದಿರಲಿಲ್ಲ" ಎಂದು ಜಾರಿಕೊಳ್ಳಲು ದಾರಿ ಇರಬಾರದು.

ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ಮೇಲೆ ಚಿಕ್ಕಬಳ್ಳಾಪುರದಾಚೆ, ನಂದಿಗೆ ಹೋಗುವ ದಾರಿಯ ಪಕ್ಕದಲ್ಲಿ ಮನೆ ಕಟ್ಟಿಸಿದೆ. ಅಷ್ಟು ಹೊತ್ತಿಗೆ ದೊಡ್ಡಪ್ಪ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ದೊಡ್ಡಮ್ಮನನ್ನು ಕರೆತಂದು ಹಿಂದಿನ ರೂಮಿನಲ್ಲಿ ಇರಿಸಿದೆವು. ಆ ರೂಮಿನ ಕಿಟಕಿಯಾಚೆ ಒಂದು ಸೀಬೆ ಮರ, ಅದರಾಚೆ ಬೆಟ್ಟ. ಇಡೀ ಮನೆಯಲ್ಲಿ ರಸ್ತೆಯ ಸದ್ದು ಮುಟ್ಟದ ಜಾಗ ಅದೊಂದೇ.

ಆಮೇಲೆ ನನಗೆ ಹೋಮ್‌ಸ್ಟೇ ಮಾಡುವ ಬುದ್ಧಿ ಬಂತು. ಹಣದ ಅಗತ್ಯವಿತ್ತೆಂದಾದರೂ ಹೇಳಿಕೊಳ್ಳುವಂತಿದ್ದರೆ! ಪಿಂಚಣಿ ಸಾಕಾಗುತ್ತಿತ್ತು. ಸಾಕಾಗದೆ ಇದ್ದದ್ದು ಮರ್ಯಾದೆ. ಹೋದಲ್ಲೆಲ್ಲ "ಸಾರ್, ಸಾರ್" ಅನ್ನಿಸಿಕೊಂಡ ಪ್ರಾಣಿಗೆ ಮನೆಯಲ್ಲಿ ಯಾರೂ ಸಾರ್ ಅನ್ನದಿದ್ದಾಗ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು. ಮುಂದಿನ ರೂಮಿಗೆ ಹೊಸ ಮಂಚ ಹಾಕಿಸಿ, ಜಾಹೀರಾತಿಗೆ ಒಕ್ಕಣೆಯನ್ನು ನಾನೇ ಬರೆದೆ: "ಬೆಟ್ಟದ ಬುಡದಲ್ಲಿ ಪ್ರಶಾಂತ ವಾಸ, ಮನೆಯ ಉಪಾಹಾರ." ಉಪಾಹಾರದ ಮಟ್ಟಿಗೆ ಸುಳ್ಳಿರಲಿಲ್ಲ. ದೊಡ್ಡಮ್ಮನ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು, ಇವುಗಳ ಮೇಲೆ ಮೇಲ್ಮನವಿಗೆ ಅವಕಾಶವೇ ಇರಲಿಲ್ಲ.

ಪ್ರಶಾಂತದ ವಿಷಯ ಬೇರೆ. ಹಗಲಿಗೆ ಜಲ್ಲಿಯ ಟಿಪ್ಪರ್‌ಗಳು, ರಾತ್ರಿಗೆ ಟೊಮೇಟೊ ಲಾರಿಗಳು. ಶನಿವಾರ ಭಾನುವಾರ ನಸುಕಿನಲ್ಲಿ ಬೆಂಗಳೂರಿನಿಂದ ಬೈಕುಗಳು. ಸೂರ್ಯ ಹುಟ್ಟುವುದನ್ನು ನೋಡಲು ಹೋಗುವವರು ಸೂರ್ಯನಿಗೂ ಎಚ್ಚರವಾಗುವಷ್ಟು ಸದ್ದು ಮಾಡಿಕೊಂಡು ಹೋಗುವರು. ದಪ್ಪ ಪರದೆ ಹಾಕಿಸಿದೆ. ಕಿಟಕಿಗೆ ಎರಡನೇ ಗಾಜು ಕೂರಿಸಿದೆ. ನನ್ನ ಹೆಂಡತಿ ಮಂಚದ ಪಕ್ಕ ಒಂದು ಬಟ್ಟಲಲ್ಲಿ ಹತ್ತಿಯ ಉಂಡೆಗಳನ್ನು ಇಟ್ಟಳು. ಒಬ್ಬ ಅತಿಥಿ ಭಕ್ತಿಯಿಂದ, "ಪೂಜೆಗಾ ಮೇಡಂ? ದೀಪ ಎಲ್ಲಿದೆ?" ಎಂದು ಕೇಳಿದರು. ಬೆಳಿಗ್ಗೆ ಅವರೇ ಕೆಂಗಣ್ಣು ಉಜ್ಜುತ್ತ, "ಸಾರ್, ಲಾರಿ ನನ್ನ ದಿಂಬಿನ ಮೇಲೇ ಗೇರ್ ಬದಲಾಯಿಸಿದಂಗಾಯ್ತು" ಎಂದು ಹೇಳಿ ಹೊರಟರು. ಫೋನಿನಲ್ಲಿ ಅತಿಥಿಗಳು ಕೊಡುವ ನಕ್ಷತ್ರಗಳು ಉದುರತೊಡಗಿದವು.

ಒಂದು ಸಂಜೆ ನಾನೂ ಹೆಂಡತಿಯೂ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಮಾತಾಡಿಕೊಂಡೆವು.

"ಮುಚ್ಚಿಬಿಡಣ ಅತ್ಲಾಗೆ. ಬಂದೋರ ಹತ್ರ ಬೈಸ್ಕೊಳಕ್ಕೆ ಮನೆ ಕಟ್ಟಿದ್ವಾ?" ಎಂದಳು ಅವಳು.

"ಹಿಂದಿನ ರೂಮು ಇದ್ದಿದ್ರೆ..." ಎಂದೆ ನಾನು. ವಾಕ್ಯವನ್ನು ಪೂರ್ತಿ ಮಾಡಲಿಲ್ಲ. ಪೂರ್ತಿ ಮಾಡದ ವಾಕ್ಯಕ್ಕೆ ಯಾರೂ ಹೊಣೆಯಲ್ಲ ಎಂಬುದು ಕೋರ್ಟು ನನಗೆ ಕಲಿಸಿದ ವಿದ್ಯೆ.

ದೊಡ್ಡಮ್ಮ ತನ್ನ ರೂಮಿನಲ್ಲಿದ್ದಳು, ಬಾಗಿಲು ಹಾಕಿತ್ತು.

ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು, ಪಂಚಾಯ್ತಿಯಲ್ಲಿ ತೀರ್ಪು ಹೇಳುವವಳ ಹಾಗೆ ಹೇಳಿದಳು: "ಯಾಕೋ ಈಚೀಚೆಗೆ ಕಿವಿ ಪೂರ್ತಿ ಮಂದ ಆಗೋಯ್ತು ಕಣಪ್ಪ. ನೀವೇನು ಮಾತಾಡಿದ್ರೂ ಕೇಳ್ಸಲ್ಲ. ಆ ರಸ್ತೆ ಕಡೆ ರೂಮಲ್ಲಿ ನಾನು ಬಿದ್ಕೋತೀನಿ, ಬಂದೋರಿಗೆ ನಂದು ಕೊಟ್ಬಿಡಿ. ಕಿವುಡಿಗೆ ಲಾರಿ ಆದ್ರೇನು, ಜೋಗುಳ ಆದ್ರೇನು?"

"ಛೆ, ಹಂಗೆಲ್ಲ ಬೇಡ ದೊಡ್ಡಮ್ಮ" ಎಂದು ಮೆಲ್ಲಗೆ ಅಂದೆ.

"ಪೋನೀ, ಹೋಗ್ಲಿ ಬಿಡಪ್ಪ" ಎಂದಳು. ತಕ್ಷಣ ತಪ್ಪಿನ ಅರಿವಾಗಿ, "ಏನಂದೆ? ಜೋರಾಗಿ ಹೇಳು!" ಎಂದು ಕೂಗಿದಳು.

ಇಷ್ಟು ಎಳಸಾದ ಸುಳ್ಳುಸಾಕ್ಷ್ಯವನ್ನು ನಾನು ಸೇವೆಯುದ್ದಕ್ಕೂ ಕಂಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಟ್ರಂಕನ್ನು ನಾನೇ ಮುಂದಿನ ರೂಮಿಗೆ ಸಾಗಿಸಿದೆ.

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಅರಚಿ ಮಾತಾಡುವ ಪದ್ಧತಿ ಶುರುವಾಯಿತು. ರಸ್ತೆಯ ಸದ್ದು ಕಡಿಮೆ ಮಾಡಲು ಹೊರಟ ಮನೆಯೊಳಗೇ ಸಂತೆ ನೆರೆಯಿತು. ಅತಿಥಿಗಳಿಗೆ ಇದು ಬಹಳ ಹಿಡಿಸಿತು. ಅವರು ಬೆಂಗಳೂರಿನಿಂದ ಹೊರಡುವಾಗ ಬೆಟ್ಟ, ಹಕ್ಕಿ, ಮೌನದ ಜೊತೆಗೆ ಒಬ್ಬ ಅಜ್ಜಿಯನ್ನೂ ನಿರೀಕ್ಷಿಸಿಕೊಂಡೇ ಬರುತ್ತಾರೆ. ಅಜ್ಜಿ ಕಿವುಡಿಯಾದರೆ ಇನ್ನೂ ಚೆಂದ. "ಅಜ್ಜೀ, ರೊಟ್ಟಿ ಸೂಪರ್!" ಎಂದು ಅವರು ಕಿರುಚುವರು. ಇವಳು "ಸೊಸೆ ಒಳಗವಳೆ, ಕರೀಲಾ?" ಎಂದು ಕೇಳಿ ಅವರನ್ನು ನಗಿಸುವಳು. ಆದರೆ ಒಬ್ಬ ಹೆಣ್ಣುಮಗಳು ಗಂಡನ ಕಿವಿಯಲ್ಲಿ "ಚಟ್ನಿ ಖಾರ ಕಣ್ರೀ, ಹೇಗೆ ಹೇಳೋದು" ಎಂದು ಪಿಸುಗುಟ್ಟಿದರೆ, ಮರುದಿನ ಆಕೆಯ ತಟ್ಟೆಯ ಪಕ್ಕ ಬೆಣ್ಣೆಯ ಉಂಡೆ ಬಂದು ಕೂತಿರುತ್ತಿತ್ತು. ಆಕೆ ಅದನ್ನು ಹಳ್ಳಿಯ ಮಮತೆ ಎಂದು ಫೋನಿನಲ್ಲಿ ಬರೆದಳು. ನಕ್ಷತ್ರಗಳು ವಾಪಸಾಗುತ್ತಿದ್ದವು.

ದೊಡ್ಡಮ್ಮ ಕಳೆದುಕೊಂಡದ್ದು ನಿದ್ದೆಯನ್ನು ಮಾತ್ರವಲ್ಲ. ಊರಿನ ಸುದ್ದಿ, ಅವರಿವರ ಸಂಸಾರದ ಕತೆ ಅವಳಿಗೆ ಊಟಕ್ಕಿಂತ ಹೆಚ್ಚು. ಕಿವುಡಿಯ ಮುಂದೆ ಯಾರು ಕತೆ ಹೇಳುತ್ತಾರೆ? ನಾವೆಲ್ಲ ಮಾತಾಡಿಕೊಳ್ಳುವಾಗ ಅವಳು ಗೋಡೆಗೊರಗಿ, ಮುಖದಲ್ಲಿ ಯಾವ ಭಾವವೂ ಬಾರದಂತೆ ಕೂತಿರುವಳು. ನಗು ಬಂದರೆ ಎದ್ದು ಹಿತ್ತಲಿಗೆ ಹೋಗುವಳು. ಹಗಲಲ್ಲಿ ಸೌಟು ಹಿಡಿದುಕೊಂಡೇ ತೂಕಡಿಸುವುದೂ ಶುರುವಾಯಿತು. "ವಯಸ್ಸಾಯ್ತಲ್ಲ" ಎಂದು ನಾನು ಅಭಿಪ್ರಾಯ ಕೊಟ್ಟೆ.

ಹೀಗಿರುವಾಗ ಒಬ್ಬ ಕಿವಿ-ಮೂಗು-ಗಂಟಲಿನ ಡಾಕ್ಟರು ಅತಿಥಿಯಾಗಿ ಬಂದರು. ಸಜ್ಜನರು. ಹಿಂದಿನ ರೂಮಿನಲ್ಲಿ ಮಲಗಿ ಎದ್ದು, ರೊಟ್ಟಿ ತಿಂದು, ಋಣ ತೀರಿಸುವ ಹುಮ್ಮಸ್ಸಿನಲ್ಲಿ, "ಅಜ್ಜಿ ಕಿವಿ ನೋಡ್ಲಾ ಸಾರ್?" ಎಂದರು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಜಗಲಿಯ ಮೇಲೆ ವಿಚಾರಣೆ ನಡೆಯಿತು. ಟಾರ್ಚು ಬಿಟ್ಟು ನೋಡಿದರು. ಹಿಂದೆ ನಿಂತು ಕಿವಿಯ ಬಳಿ ಬೆರಳು ಉಜ್ಜಿ ಸದ್ದು ಮಾಡಿದರು. ದೊಡ್ಡಮ್ಮ ಕಲ್ಲಿನ ಬಸವನ ಹಾಗೆ ಎದುರು ಗೋಡೆ ನೋಡುತ್ತಿದ್ದಳು. ಕೊನೆಗೆ ಅವರು ಉಸಿರಿನಷ್ಟೇ ದನಿಯಲ್ಲಿ, "ಅಮ್ಮಾ, ಸೆರಗಿನ ಮೇಲೆ ಜಿರಳೆ" ಎಂದರು.

ದೊಡ್ಡಮ್ಮನ ಕೈ ಸೆರಗಿನ ಕಡೆ ಅರ್ಧ ದಾರಿ ಹೋಯಿತು. ಅಲ್ಲಿ ಒಂದು ಕ್ಷಣ ನಿಂತು ಆಲೋಚಿಸಿತು. ಆಮೇಲೆ ತಲೆ ಕೆರೆದುಕೊಂಡು ಮಡಿಲಿಗೆ ವಾಪಸು ಬಂತು.

ಕಾರಿನ ಹತ್ತಿರ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಅವರ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ. ಅವರು ಎಲ್ಲಿ ಮಲಗ್ತಾರೆ ಸಾರ್?"

ನಾನು ರಸ್ತೆ ಕಡೆಯ ರೂಮು ತೋರಿಸಿದೆ. ಅಷ್ಟರಲ್ಲಿ ಒಂದು ಟಿಪ್ಪರ್ ಹೋಯಿತು. ಕಿಟಕಿಯ ಎರಡೂ ಗಾಜು ನಡುಗಿದವು. ಡಾಕ್ಟರು ಕಿಟಕಿ ನೋಡಿದರು, ತಾವು ಮಲಗಿದ್ದ ರೂಮಿನ ಕಡೆ ನೋಡಿದರು, ನನ್ನನ್ನು ನೋಡಿದರು. ಜಗಲಿಯತ್ತ ತಿರುಗಿ, "ಅಜ್ಜೀ, ಬರ್ತೀನಮ್ಮಾ!" ಎಂದು ಎಲ್ಲರ ಹಾಗೆ ಗಟ್ಟಿಯಾಗಿ ಕೂಗಿ ಕೈಮುಗಿದರು.

ಅಲ್ಲಿಯವರೆಗೆ ಅದನ್ನು ಬರೀ ಅನುಮಾನ ಎಂದುಕೊಳ್ಳಬಹುದಿತ್ತು. ಅಂದಿನಿಂದ ಅದು ತಜ್ಞರ ಅಭಿಪ್ರಾಯ. ಹೆಂಡತಿಗೆ ಹೇಳಿದೆ.

"ನಂಗೆ ಗೊತ್ತಿಲ್ವಾ?" ಎಂದಳು. "ನೀವೇ ಹೇಳಿ ಅವರ ರೂಮಿಗೆ ಕಳಿಸಿ."

"ಸುಳ್ಳು ಸಿಕ್ಕಿಬಿತ್ತು ಅಂತ ಅವಳಿಗೆ ನಾಚಿಕೆ ಆಗಲ್ವಾ?"

"ಅವರಿಗೆ ನಾಚಿಕೆ ಆಗತ್ತೋ, ನಿಮಗೋ?"

ಈ ಪ್ರಶ್ನೆಯನ್ನು ನಾನು ಮುಂದೂಡಿದೆ. ಒಂದು ವರ್ಷ ಮುಂದೂಡಿದೆ. ಕೋರ್ಟಿನವನಿಗೆ ಇದು ಕಷ್ಟದ ಕೆಲಸವಲ್ಲ.

ಕೊನೆಗೊಂದು ಮಧ್ಯಾಹ್ನ ದೊಡ್ಡಮ್ಮ ಹಿತ್ತಲಲ್ಲಿ ನನಗೆ ಬೆನ್ನು ಮಾಡಿ ಕೂತು ಅವರೆಕಾಳು ಹಿತಕುತ್ತಿದ್ದಳು. ಭುಜದ ಮೂಳೆಗಳು ರವಿಕೆಯೊಳಗಿಂದ ಎದ್ದು ಕಾಣುತ್ತಿದ್ದವು. ಬಾಗಿಲಲ್ಲೇ ನಿಂತು, "ದೊಡ್ಡಮ್ಮ, ಇವತ್ತಿಂದ ನಿನ್ನ ರೂಮಲ್ಲಿ ನೀನು ಮಲ್ಕೊ" ಎಂದೆ.

ಬೆರಳುಗಳು ನಿಂತವು. ಒಂದು ಕಾಳು ಸಿಪ್ಪೆಯಿಂದ ಅರ್ಧ ಹೊರಗೆ ಬಂದು ಹಾಗೇ ಇತ್ತು. ಅವಳು ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಕಾಳು ಬಟ್ಟಲಿಗೆ ಬಿತ್ತು, ಅದರ ಹಿಂದೆ ಇನ್ನೊಂದು.

ಇನ್ನೊಮ್ಮೆ ಹೇಳಬಹುದಿತ್ತು. ಎದುರಿಗೆ ಹೋಗಿ ಕೈ ಹಿಡಿದು ಹೇಳಬಹುದಿತ್ತು. ಉಪ್ಪು ಬೇಕು, ಹಾಲು ಬಂತು ಎಂಬುದನ್ನೆಲ್ಲ ಊರಿಗೆ ಕೇಳುವಂತೆ ಅವಳ ಹತ್ತಿರ ಅರಚುತ್ತಿದ್ದವನು, ಅದೊಂದು ಮಾತನ್ನು ಮಾತ್ರ ಪಿಸುಗುಟ್ಟಿದ್ದೆ. ಆ ವಾರದ ಕೊನೆಗೆ ಹಿಂದಿನ ರೂಮು ಬುಕ್ ಆಗಿತ್ತು.

ಅವರೆಕಾಯಿಯ ಕಾಲ ಮುಗಿಯುವ ಮುನ್ನ ದೊಡ್ಡಮ್ಮ ತೀರಿಕೊಂಡಳು, ರಸ್ತೆ ಕಡೆ ರೂಮಿನಲ್ಲೇ. ಬೆಳಿಗ್ಗೆ ಕಾಫಿಗೆ ಏಳಲಿಲ್ಲ. ದಿಬ್ಬೂರಹಳ್ಳಿಯಿಂದ ನೆಂಟರು ಬಂದರು. ಜಗಲಿಯಲ್ಲಿ ಕೂತಾಗ ಲಾರಿಗಳ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅವಳ ಓರಗಿತ್ತಿ, ಹಣ್ಣು ಹಣ್ಣು ಮುದುಕಿ, ಮುಂದೆ ಬಾಗಿ ನನ್ನನ್ನು ಕೇಳಿದಳು: "ಅಕ್ಕಂಗೆ ಕಿವಿ ಹೋಗಿತ್ತಂತಲ್ಲಪ್ಪ? ಒಳ್ಳೇದೇ ಆಯ್ತು ಬಿಡು. ಈ ರೋಡಲ್ಲಿ ನಿದ್ದೆನಾದ್ರೂ ಮಾಡ್ತಿದ್ಲು."

ಎಲ್ಲರೂ ನನ್ನ ಮುಖ ನೋಡಿದರು.

"ಹೂಂ" ಎಂದೆ, ಗಟ್ಟಿಯಾಗಿಯೇ. "ಏನೂ ಕೇಳಿಸ್ತಿರ್ಲಿಲ್ಲ."

ನನ್ನ ಹೆಂಡತಿ ಎದ್ದು ಒಳಗೆ ಹೋದಳು.