ಬಾಗಿಲಾಚೆಯ ಚಪ್ಪಲಿಗಳು

ಆ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಕಸ ಗುಡಿಸುತ್ತಿರುವ ಆಯಾಗೆ ಓದು ಬರಹ ಬಾರದು. ಆದರೆ ಯಾವ ತರಗತಿಯ ಮಕ್ಕಳು ಹೇಗೆ ಎಂಬುದನ್ನು ಬಾಗಿಲಾಚೆ ಬಿಟ್ಟ ಚಪ್ಪಲಿ ನೋಡಿಯೇ ಹೇಳುತ್ತಾಳೆ. ಚೆಲ್ಲಾಪಿಲ್ಲಿಯಾಗಿದ್ದರೆ ತಾನು ಮುಟ್ಟುವುದಿಲ್ಲ. ಬಿಟ್ಟ ಮಗುವನ್ನೇ ಕರೆದು, ಅದರ ಕೈಯಲ್ಲೇ ಜೋಡಿ ಮಾಡಿಸುತ್ತಾಳೆ.

ಮೊನ್ನೆ ತಪಾಸಣೆಗೆ ಬಂದ ಸಾಹೇಬರು ಬೂಟುಗಳನ್ನು ಅಲ್ಲೊಂದು ಇಲ್ಲೊಂದು ಕಳಚಿ ಒಳಹೋದವರು, ಶಿಸ್ತಿನ ಬಗ್ಗೆ ಮಕ್ಕಳ ತಲೆಯನ್ನು ಅರ್ಧ ಗಂಟೆ ಕೊರೆದರು. ಅವರು ಹೊರಡುವ ಹೊತ್ತಿಗೆ ಹೆಡ್‌ಮೇಷ್ಟ್ರು ಓಡಿ ಬಂದು ಬೂಟು ಜೋಡಿಸಲು ಬಗ್ಗಿದರು. ಆಯಾ ಪೊರಕೆ ಅಡ್ಡ ಹಿಡಿದಳು.

"ಬಿಡಿ ಮೇಷ್ಟ್ರೇ. ಒಂದನೇ ಕ್ಲಾಸಿನ ಮಕ್ಳಿಗೇ ನಾನು ಜೋಡಿಸಿ ಕೊಡಲ್ಲ."

ಬಾಗಿಲಲ್ಲಿ ನಿಂತಿದ್ದ ಸಾಹೇಬರ ಮುಖ ಕೆಂಪಾಯಿತು. ಮಕ್ಕಳೆಲ್ಲ ನೋಡುತ್ತಿದ್ದರು. ಸಾಹೇಬರೇ ಬಗ್ಗಿ ಎರಡೂ ಬೂಟುಗಳನ್ನು ಜೋಡಿಸಿಟ್ಟರು.

"ಹ್ಞೂ, ಈಗ ಹಾಕ್ಕೊಳ್ಳಿ," ಎಂದು ಆಯಾ ಮತ್ತೆ ಗುಡಿಸತೊಡಗಿದಳು.